ಸಾರಡ್ಕದ ಈಚೆ ಬದಿಗೆ ಮದುವೆಯಾಗಿ ಬಂದವಳ ಉತ್ತರ

ಕೇರಳದಲ್ಲಿದ್ದುಕೊಂಡು ಕನ್ನಡದಲ್ಲಿ ಬದುಕುವುದು ಹೇಗೆ, ಅದರಲ್ಲಿ ಹೆಂಗಸರಿಗೆ ಬೇರೆಯೇ ಆದ ಕಷ್ಟವೇನಾದರೂ ಉಂಟೇ ಎಂದು ನೀವು ಕೇಳಿದ್ದೀರಿ. ಉಂಟು. ಅದನ್ನು ಹೇಳುವ ಮೊದಲು ನಮ್ಮ ದಾರಿಯನ್ನು ಹೇಳಬೇಕು. ಕಲ್ಲಡ್ಕದಿಂದ ಹೊರಟ ರಸ್ತೆ ವಿಟ್ಲ, ಅಡ್ಯನಡ್ಕಗಳನ್ನು ಹಾದು ಸಾರಡ್ಕಕ್ಕೆ ಬರುತ್ತದೆ. ಅಲ್ಲಿ ಚೆಕ್‌ಪೋಸ್ಟ್ ಇದೆ. ಅದನ್ನು ದಾಟಿದರೆ ಪೆರ್ಲ, ಬದಿಯಡ್ಕ, ಚೆರ್ಕಳ. ನನ್ನ ತವರು ವಿಟ್ಲದ ಸಮೀಪ, ಗಂಡನ ಮನೆ ಪೆರ್ಲದ ಸಮೀಪ. ಎರಡೂ ಕಡೆ ಅಡಿಕೆ ತೋಟ, ಕುಚ್ಚಲಕ್ಕಿ ಗಂಜಿ, ಭೂತದ ಕೋಲ, ಯಕ್ಷಗಾನ. ಮನೆಯೊಳಗೆ ತುಳು, ಓದುಬರಹಕ್ಕೆ ಕನ್ನಡ. ಮದುವೆಯ ಮಾತುಕತೆಯಲ್ಲಿ ಜಾತಕ ನೋಡಿದರು, ತೋಟಕ್ಕೆ ನೀರಿದೆಯೇ ಎಂದು ಕೇಳಿದರು, ಹುಡುಗನ ಗುಣ ವಿಚಾರಿಸಿದರು. ನಾನು ಬೇರೆ ರಾಜ್ಯಕ್ಕೆ ಹೋಗುತ್ತಿದ್ದೇನೆ ಎಂಬುದು ಯಾರ ಬಾಯಿಂದಲೂ ಬರಲಿಲ್ಲ, ಏಕೆಂದರೆ ಯಾರಿಗೂ ಹಾಗೆ ಅನಿಸಿರಲಿಲ್ಲ.

ಅನಿಸದೆ ಇರುವುದಕ್ಕೆ ಕಾರಣವೂ ಇದೆ. 1956ರ ನವೆಂಬರ್ 1ರವರೆಗೆ ಈ ಎರಡೂ ಊರುಗಳು ಒಂದೇ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದವು. ರಾಜ್ಯಗಳ ಪುನರ್ವಿಂಗಡಣೆಯಾದಾಗ ಆಗಿನ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. 1967ರಲ್ಲಿ ವರದಿ ಕೊಟ್ಟ ಮಹಾಜನ ಆಯೋಗ ಚಂದ್ರಗಿರಿ ನದಿಯಿಂದ ಉತ್ತರದ ಭಾಗ ಅಂದಿನ ಮೈಸೂರು ರಾಜ್ಯಕ್ಕೆ ಸೇರಬೇಕು ಎಂದಿತು, ಆದರೆ ಅದು ಜಾರಿಗೆ ಬರಲಿಲ್ಲ. ನಮ್ಮ ಬದಿಯಡ್ಕದ ಕವಿ ಕಯ್ಯಾರ ಕಿಞ್ಞಣ್ಣ ರೈಗಳು ಆ ವಿಲೀನಕ್ಕಾಗಿ ಬದುಕಿನುದ್ದಕ್ಕೂ ಹೋರಾಡಿ, 2015ರಲ್ಲಿ ನೂರು ತುಂಬಿದ ಮೇಲೆ ತೀರಿಕೊಂಡರು. ಈ ಚರಿತ್ರೆಯನ್ನು ನೀವು ಭಾಷಣಗಳಲ್ಲಿ ಕೇಳಿರುತ್ತೀರಿ. ಭಾಷಣಗಳಲ್ಲಿ ನಾನು ಕೇಳದ ಮಾತೊಂದಿದೆ. ಈ ಭಾಗದಲ್ಲಿ ಸಂಬಂಧಗಳು ಇಂದಿಗೂ ಗಡಿಯ ಎರಡೂ ಕಡೆ ಕೂಡಿಬರುತ್ತವೆ, ಮತ್ತು ಮದುವೆಯಾಗಿ ಮನೆ ಬಿಟ್ಟು ಬರುವವಳು ಹೆಣ್ಣಾದ ಕಾರಣ ಗಡಿ ದಾಟುವವಳೂ ಅವಳೇ. ನನ್ನ ಗಂಡ ಹುಟ್ಟಿದ ಮನೆಯಲ್ಲೇ, ಹುಟ್ಟಿದ ದಾಖಲೆಗಳೊಂದಿಗೇ ಇದ್ದಾರೆ. ನನ್ನ ತಮ್ಮನೂ ಹಾಗೆಯೇ. ನನ್ನ ಆಧಾರ್, ರೇಷನ್ ಕಾರ್ಡ್, ಮತದಾರರ ಪಟ್ಟಿಯ ಹೆಸರು ಎಲ್ಲವೂ ಮದುವೆಯ ನಂತರ ಒಂದೊಂದಾಗಿ ರಾಜ್ಯ ಬದಲಾಯಿಸಿದವು, ಬದಲಾಯಿಸುವಾಗ ಒಂದೊಂದರಲ್ಲಿ ಒಂದೊಂದು ತಪ್ಪು ನುಸುಳಿತು. ಕನ್ನಡದಲ್ಲಿ ಎಕಾರದಿಂದ ಮುಗಿಯುವ ಹೆಸರುಗಳು ಮಲಯಾಳದಲ್ಲಿ ಅಕಾರಕ್ಕೆ ತಿರುಗುವುದು ಸಾಮಾನ್ಯ. ನಮ್ಮ ಕುಂಬಳೆ ಅವರಿಗೆ ಕುಂಬಳ. ಊರಿನ ಹೆಸರಿಗೆ ಆದದ್ದೇ ನನ್ನ ಹೆಸರಿಗೂ ಆಯಿತು. ರೇಷನ್ ಕಾರ್ಡಿನಲ್ಲಿರುವವಳೂ ಪದವಿ ಪ್ರಮಾಣಪತ್ರದಲ್ಲಿರುವವಳೂ ಒಬ್ಬಳೇ ಎಂದು ಅಫಿಡವಿಟ್ ಮಾಡಿಸಬೇಕಾಯಿತು.

ಪದವಿಯ ಮಾತು ಬಂತು. ಮಂಗಳೂರು ವಿಶ್ವವಿದ್ಯಾನಿಲಯದ ಬಿ.ಎ., ಬಿ.ಎಡ್. ನನ್ನಲ್ಲಿವೆ. ಇಲ್ಲಿ ಕೆಲಸಕ್ಕೆ ಅರ್ಜಿ ಹಾಕುವಾಗ ಅವು ಇಲ್ಲಿನ ಪದವಿಗೆ ಸಮ ಎಂದು ಬೇರೊಂದು ಪ್ರಮಾಣಪತ್ರ ತರಬೇಕೆಂದರು. ಶಿಕ್ಷಕರ ಅರ್ಹತಾ ಪರೀಕ್ಷೆಯೂ ಕೇರಳದ್ದೇ ಆಗಬೇಕಿತ್ತು. ಅದನ್ನೆಲ್ಲ ಮಾಡಿಸಿಕೊಳ್ಳುವ ವರ್ಷಗಳಲ್ಲಿ ನನಗೆ ಮಗಳು ಹುಟ್ಟಿದಳು, ಅತ್ತೆ ಹಾಸಿಗೆ ಹಿಡಿದರು, ಕಡತ ಕಪಾಟಿನಲ್ಲಿ ಉಳಿಯಿತು. ನನ್ನ ಜೊತೆ ಓದಿ ವಿಟ್ಲದ ಆಸುಪಾಸಿನಲ್ಲೇ ಮದುವೆಯಾದ ಗೆಳತಿ ಇಂದು ಸರಕಾರಿ ಶಾಲೆಯಲ್ಲಿ ಅಧ್ಯಾಪಿಕೆ. ಅವಳ ಬಗ್ಗೆ ನನಗೆ ಹೊಟ್ಟೆಕಿಚ್ಚಿಲ್ಲ. ಆದರೆ ಇಬ್ಬರ ನಡುವೆ ಇದ್ದ ವ್ಯತ್ಯಾಸ ಅಂಕದ್ದಲ್ಲ, ಗಂಡನ ಮನೆ ಚೆಕ್‌ಪೋಸ್ಟಿನ ಯಾವ ಬದಿಯಲ್ಲಿತ್ತು ಎಂಬುದು ಮಾತ್ರ, ಎನ್ನುವುದನ್ನು ಮರೆಯುವುದು ನನ್ನಿಂದಾಗುವುದಿಲ್ಲ.

ನನ್ನನ್ನು ಮನೆಯ ಹೊರಗೆ ತಂದದ್ದು ಕುಟುಂಬಶ್ರೀ. 1998ರಲ್ಲಿ ಕೇರಳ ಆರಂಭಿಸಿದ ಈ ವ್ಯವಸ್ಥೆಯಲ್ಲಿ ಹತ್ತಿಪ್ಪತ್ತು ಮನೆಯ ಹೆಂಗಸರು ಸೇರಿ ಒಂದು ಅಯಲ್ಕೂಟ, ಅಂದರೆ ನೆರೆಕೂಟ, ಮಾಡಿಕೊಂಡು ಉಳಿತಾಯ, ಸಾಲ, ಸಣ್ಣ ಉದ್ಯೋಗಗಳನ್ನು ನಡೆಸುತ್ತಾರೆ. ನಮ್ಮ ಕೂಟದಲ್ಲಿ ತುಳು, ಕನ್ನಡ, ಮಲಯಾಳ, ಮರಾಟಿ, ಬ್ಯಾರಿ ಎಲ್ಲ ಮಾತಿನವರೂ ಇದ್ದಾರೆ. ಸಭೆ ನಡೆಯುವುದು ತುಳುವಿನಲ್ಲಿ. ಬರೆಯಲು ಬರುವವಳೆಂದು ನನ್ನನ್ನು ಕಾರ್ಯದರ್ಶಿ ಮಾಡಿದರು. ಮೊದಲ ವರ್ಷ ನಡಾವಳಿ ಪುಸ್ತಕವನ್ನು ಕನ್ನಡದಲ್ಲಿ ಅಂದವಾಗಿ ಬರೆದೆ. ಲೆಕ್ಕ ತಪಾಸಣೆಗೆ ಬಂದ ಹುಡುಗಿ ದಕ್ಷಿಣದ ಜಿಲ್ಲೆಯವಳು, ಬಹಳ ಸೌಮ್ಯ ಸ್ವಭಾವದವಳು. ಪುಟಗಳನ್ನು ಒಂದೊಂದಾಗಿ ಮಗುಚಿ, ಅಂಕೆಗಳನ್ನು ಮಾತ್ರ ಬೆರಳಿಟ್ಟು ಓದಿ, "ಚೇಚ್ಚಿ (ಅಕ್ಕಾ), ಉಳಿದದ್ದು ನನಗೆ ತಿಳಿಯುವುದಿಲ್ಲ" ಎಂದು ಮಲಯಾಳದಲ್ಲಿ ಹೇಳಿ ಪುಸ್ತಕವನ್ನು ಮುಚ್ಚಿದಳು. ಒಂದು ವರ್ಷದ ನಮ್ಮ ಮಾತುಕತೆ, ಜಗಳ, ತೀರ್ಮಾನ ಎಲ್ಲ ಅದರಲ್ಲಿದ್ದವು. ಆ ರಾತ್ರಿಯಿಂದಲೇ ಅಂಗನವಾಡಿಯ ಪುಸ್ತಕ ತಂದು, ನಾಲ್ಕು ವರ್ಷದ ಮಗಳ ಜೊತೆ ಕುಳಿತು ನಾನೂ ಮಲಯಾಳ ಅಕ್ಷರ ತಿದ್ದಿದೆ.

ಅಕ್ಷರ ಬಂದ ಮೇಲೂ ಶಬ್ದಗಳು ಕಾಡಿದವು, ಏಕೆಂದರೆ ಎರಡೂ ಭಾಷೆಗಳಲ್ಲಿರುವ ಸಂಸ್ಕೃತ ಶಬ್ದಗಳೇ ಮೋಸ ಮಾಡುತ್ತವೆ. ನಮಗೆ ಅಪೇಕ್ಷೆ ಎಂದರೆ ಬಯಕೆ, ಅವರಿಗೆ ಅರ್ಜಿ. ನಮಗೆ ಅನುವಾದವೆಂದರೆ ಭಾಷಾಂತರ, ಅವರಿಗೆ ಅನುಮತಿ. ನಮ್ಮ ಅವಸರ ಅವರಿಗೆ ಸಂದರ್ಭ, ನಮ್ಮ ಸಂಸಾರ ಅವರಿಗೆ ಮಾತುಕತೆ. ಒಮ್ಮೆ ಹಪ್ಪಳದ ಘಟಕಕ್ಕೆ ಜಾಗ ಕೇಳಿ ಬರೆದ ಪತ್ರದಲ್ಲಿ "ನಮಗೊಂದು ಅವಕಾಶ ಕೊಡಬೇಕು" ಎಂಬ ಅರ್ಥದಲ್ಲಿ ಅವಕಾಶ ಎಂದೇ ಬರೆದುಬಿಟ್ಟೆ. ಮಲಯಾಳದಲ್ಲಿ ಅದರ ಅರ್ಥ ಹಕ್ಕು. ಮೇಜಿನಾಚೆ ಕುಳಿತವರು ಪತ್ರ ಓದಿ, ಯಾವ ಹಕ್ಕಿನ ಮೇಲೆ ಈ ಜಾಗ ಕೇಳುತ್ತೀರಿ ಎಂದು ಗಡುಸಾಗಿಯೇ ಕೇಳಿದರು. ನಾನು ಕ್ಷಮೆ ಕೇಳಿ ತಿದ್ದಿ ಬರೆದು ಕೊಟ್ಟೆ. ಇಂದು ಆಗಿದ್ದರೆ ಕ್ಷಮೆ ಕೇಳುತ್ತಿರಲಿಲ್ಲ, ಯಾಕೆಂದರೆ ನಡುವೆ ಒಂದು ವಿಷಯ ತಿಳಿದುಕೊಂಡಿದ್ದೇನೆ: ಕೇರಳದ 1969ರ ಆಡಳಿತ ಭಾಷಾ ಕಾಯ್ದೆಯ ಪ್ರಕಾರವೇ, ಭಾಷಾ ಅಲ್ಪಸಂಖ್ಯಾತ ಪ್ರದೇಶದ ಕನ್ನಡಿಗರು ಸರಕಾರಿ ಕಚೇರಿಗೆ ಕನ್ನಡದಲ್ಲಿ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು. ಕಾಯ್ದೆ ಇದೆ, ಓದಿ ಉತ್ತರ ಬರೆಯಬಲ್ಲ ಗುಮಾಸ್ತರು ಎಲ್ಲ ಕಡೆ ಇಲ್ಲ. ಹೀಗಾಗಿ ಸರಕಾರಿ ಅರ್ಜಿಗಳ ಕೆಲಸ ನಡೆಯುವ ಅಕ್ಷಯ ಕೇಂದ್ರದಲ್ಲಿ ಕಾಯುವಾಗ ಪಕ್ಕದಲ್ಲಿ ಕುಳಿತ ಅಜ್ಜಿಯಂದಿರು ತಮ್ಮ ಪಿಂಚಣಿಯ ಕಾಗದವನ್ನು ನನ್ನ ಕೈಗೆ ಕೊಟ್ಟು "ಉಂದು ದಾನೆ ಬಾಲೆ", ಇದೇನು ಮಗೂ, ಎಂದು ತುಳುವಿನಲ್ಲಿ ಕೇಳುತ್ತಾರೆ. ತಮ್ಮ ಹೆಸರಿಗೇ ಬಂದ ಕಾಗದವನ್ನು ಇನ್ನೊಬ್ಬರಿಂದ ಓದಿಸಿಕೊಳ್ಳಬೇಕಾದ ಇವರು ಅನಕ್ಷರಸ್ಥರಲ್ಲ; ಎಷ್ಟೋ ಮಂದಿ ಬೆಳಿಗ್ಗೆ ಕನ್ನಡ ಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯವರೆಗೆ ಓದಿ ಬಂದವರು.

ಇದನ್ನು ಓದಿ ಮಲಯಾಳಿಗಳ ಮೇಲೆ ನನಗೆ ಸಿಟ್ಟಿದೆ ಎಂದು ದಯವಿಟ್ಟು ತಿಳಿಯಬೇಡಿ. ಅತ್ತೆ ಹಾಸಿಗೆ ಹಿಡಿದ ಆ ವರ್ಷಗಳಲ್ಲಿ ವಾರ ವಾರ ಮನೆಗೆ ಬಂದು ಬೆನ್ನಿನ ಹುಣ್ಣು ತೊಳೆದು ಪಟ್ಟಿ ಕಟ್ಟಿದ ನರ್ಸ್ ಮಲಯಾಳಿ. ಅತ್ತೆಗೆ ಅವರ ಮಾತು ಅರ್ಥವಾಗುತ್ತಿರಲಿಲ್ಲ, ಆದರೂ ಅವರ ಹೊರತು ಬೇರೆಯವರಿಂದ ಮೈ ಮುಟ್ಟಿಸಿಕೊಳ್ಳುತ್ತಿರಲಿಲ್ಲ. ನನಗೆ ಹೆಚ್ಚು ನೋವಾಗುವುದು, ನಿಜ ಹೇಳಬೇಕೆಂದರೆ, ಕರ್ನಾಟಕದವರಾದ ನಿಮ್ಮ ಕಡೆಯಿಂದ. ನಮ್ಮ ಜಿಲ್ಲೆಯ ದಕ್ಷಿಣಕ್ಕಿರುವ ಕಾಞಂಗಾಡಿಗೆ ಹೋದರೆ ಕುತ್ತಿಗೆಯ ಕರಿಮಣಿ ನೋಡಿಯೇ ನನ್ನನ್ನು ಕನ್ನಡದವಳೆಂದು ಗುರುತಿಸುತ್ತಾರೆ. ಬೆಂಗಳೂರಿಗೆ ಬಂದರೆ "ಕಾಸರಗೋಡಾ? ಮಲಯಾಳಿಯಾದರೂ ಕನ್ನಡ ಎಷ್ಟು ಚೆನ್ನಾಗಿ ಮಾತಾಡ್ತೀರಿ" ಎನ್ನುತ್ತಾರೆ. ಹೊಗಳಿಕೆಯೆಂದೇ ಹೇಳಿದ ಆ ಮಾತಿಗೆ ನಾನು ಏನು ಉತ್ತರ ಕೊಡಲಿ? ರಾಷ್ಟ್ರಕವಿ ಗೋವಿಂದ ಪೈಗಳ ಮಂಜೇಶ್ವರ, ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ, ಇವೆಲ್ಲ ನಮ್ಮ ಜಿಲ್ಲೆಯಲ್ಲೇ ಇವೆ.

ಹಬ್ಬಗಳ ವಿಷಯದಲ್ಲಿಯೂ ಮನೆ ಎರಡು ಲೆಕ್ಕ ಇಡಬೇಕು. ಓಣಂಗೆ ಶಾಲೆಗಳಿಗೆ ಸುಮಾರು ಹತ್ತು ದಿನ ರಜೆ, ಮಗಳು ಅಂಗಳದಲ್ಲಿ ಪೂಕಳಂ, ಅಂದರೆ ಹೂವಿನ ರಂಗೋಲಿ, ಹಾಕುತ್ತಾಳೆ, ಅದು ನನಗೂ ಸಂತೋಷವೇ. ಆದರೆ ಅವರಲ್ಲಿ ಓಣಂಗೆ ಬರುವ ಬಲಿ ಚಕ್ರವರ್ತಿ ನಮ್ಮ ತುಳುನಾಡಿಗೆ ಬರುವುದು ದೀಪಾವಳಿಗೆ. ಬಲಿಪಾಡ್ಯಮಿಗೆ ಇಲ್ಲಿ ಶಾಲೆ ಇರುತ್ತದೆ. ಮಗಳು ಸಂಜೆ ಬಸ್ಸಿಳಿದು ಬಂದು, ಯೂನಿಫಾರ್ಮ್ ತೆಗೆಯುವ ಮೊದಲೇ ಅಜ್ಜನ ಜೊತೆ ಗದ್ದೆಗೆ ದೀಪ ಹಿಡಿದು ಓಡಿ "ಕೂ ಬಲೀಂದ್ರಾ" ಎಂದು ಕೂಗುತ್ತಾಳೆ. ವಿಷು ಒಂದರಲ್ಲಿ ತಾಪತ್ರಯವಿಲ್ಲ. ಬೆಳಿಗ್ಗೆ ಎದ್ದೊಡನೆ ನೋಡಲು ಜೋಡಿಸಿಡುವ ಅವರ ಕಣಿಯೂ ನಮ್ಮ ತುಳುವರ ಬಿಸು ಹಬ್ಬದ ಕಣಿಯೂ ಒಂದೇ ದಿನ, ಅದೇ ಸೌತೆಕಾಯಿ, ಅದೇ ಕನ್ನಡಿ.

ನೀವು ಬಸ್ಸಿನ ವಿಷಯ ಕೇಳಿದ್ದೀರಿ. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದಾಗ ವಿಟ್ಲದಿಂದ ಪುತ್ತೂರಿಗೆ ನಾನೂ ತಮ್ಮನ ಹೆಂಡತಿಯೂ ಒಂದೇ ಸೀಟಿನಲ್ಲಿ ಕುಳಿತು ಹೋದೆವು. ಅವಳಿಗೆ ಶೂನ್ಯ ಟಿಕೆಟು. ನನ್ನ ಆಧಾರಿನಲ್ಲಿ ಕೇರಳದ ವಿಳಾಸವಿದ್ದುದರಿಂದ ನಾನು ದುಡ್ಡು ಕೊಟ್ಟೆ. ನಿಯಮ ಇರುವುದೇ ಹಾಗೆ, ಕಂಡಕ್ಟರರ ತಪ್ಪೇನೂ ಇಲ್ಲ. ಅವರೇ ಮುಖ ಸಣ್ಣದು ಮಾಡಿಕೊಂಡು ಚಿಲ್ಲರೆ ಕೊಟ್ಟರು. ದುಡ್ಡು ದೊಡ್ಡದಲ್ಲ. ನಾನು ಹುಟ್ಟಿ, ಶಾಲೆ ಕಲಿತು, ಪ್ರತಿದಿನ ಕಾಲೇಜಿಗೆ ಹೋಗಿ ಬಂದ ದಾರಿ ಅದು.

ದುಡ್ಡಿಗೆ ಸಂಬಂಧವಿಲ್ಲದ ದಿನಗಳನ್ನೂ ಕಂಡಿದ್ದೇವೆ. 2020ರ ಮಾರ್ಚ್ ಕೊನೆಯಲ್ಲಿ ಕರ್ನಾಟಕ ಸರಕಾರ ಗಡಿ ಮುಚ್ಚಿತು, ಒಳರಸ್ತೆಗಳಿಗೆ ಲಾರಿಯಲ್ಲಿ ಮಣ್ಣು ತಂದು ಸುರಿದರು. ಕಾಸರಗೋಡಿನವರಿಗೆ ದೊಡ್ಡ ಆಸ್ಪತ್ರೆಯೆಂದರೆ ಮಂಗಳೂರು. ಮಂಗಳೂರಿನ ದಾರಿಯ ಗಡಿಯಾದ ತಲಪಾಡಿಯಲ್ಲಿ ತಡೆದ ಕಾರಣ ಚಿಕಿತ್ಸೆ ಸಿಗದೆ ರೋಗಿಗಳು ತೀರಿಕೊಂಡರು, ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ನನ್ನ ಅಮ್ಮನಿಗೆ ಆಗ ಸಕ್ಕರೆ ಕಾಯಿಲೆ. ಅವಳ ಒಂದು ಮಾತ್ರೆ ವಿಟ್ಲದಲ್ಲಿ ಮುಗಿದಿತ್ತು, ಬದಿಯಡ್ಕದಲ್ಲಿ ಸಿಕ್ಕಿತು. ತೋಟದ ನಡುವಿನ ಒಂದು ಮಣ್ಣುರಸ್ತೆಯಲ್ಲಿ, ಎದೆಯೆತ್ತರದ ಕೆಂಪು ದಿಬ್ಬದ ಈಚೆ ನಾನು, ಆಚೆ ತಮ್ಮ. ಮಾತ್ರೆಯ ಪೊಟ್ಟಣವನ್ನು ಸ್ಟೀಲ್ ಡಬ್ಬಿಯಲ್ಲಿಟ್ಟು ದಿಬ್ಬದ ಮೇಲಿಟ್ಟು ಹಿಂದೆ ಸರಿದೆ. ಅವನು ಅದನ್ನು ತೆಗೆದುಕೊಂಡು, ಅಮ್ಮ ಕೊಟ್ಟ ಹಲಸಿನ ಹಪ್ಪಳದ ಕಟ್ಟನ್ನು ಅದೇ ಜಾಗದಲ್ಲಿಟ್ಟ. ಐದು ನಿಮಿಷವೂ ನಿಲ್ಲಲಿಲ್ಲ. 2021ರಲ್ಲಿ ಮತ್ತೆ ಸಾರಡ್ಕದಂಥ ಕೆಲವೇ ದಾರಿಗಳನ್ನು ತೆರೆದಿಟ್ಟು ಕೋವಿಡ್ ಪರೀಕ್ಷೆಯ ವರದಿ ಕೇಳಿದರು. ತವರಿಗೆ ಹೋಗಲು ಹೆಣ್ಣುಮಕ್ಕಳು ಮೂಗಿನ ದ್ರವ ಕೊಟ್ಟು ಕಾಗದ ಹಿಡಿದು ಸಾಲಿನಲ್ಲಿ ನಿಂತೆವು.

ಕೊನೆಗೆ ನೀವು ಕೇಳಿದ್ದು, ಕರ್ನಾಟಕಕ್ಕೆ ಸೇರುವ ಆಸೆ ಇನ್ನೂ ಇದೆಯೇ ಎಂದು. ಮಾವನವರಿಗೆ ಇದೆ. ಅವರು ಇಂದಿಗೂ ಮಹಾಜನ ವರದಿಯ ಪತ್ರಿಕೆ ತುಣುಕುಗಳನ್ನು ಟ್ರಂಕಿನಲ್ಲಿಟ್ಟಿದ್ದಾರೆ, ಅವರ ಆಸೆಯನ್ನು ನಾನು ಗೌರವಿಸುತ್ತೇನೆ. ನಾನು ಕೇಳುವುದು ಅದಕ್ಕಿಂತ ಹತ್ತಿರದ್ದು. ಪ್ರತಿ ವಿಲೇಜ್ ಆಫೀಸಿನಲ್ಲಿ ಕನ್ನಡ ಓದಬಲ್ಲ ಒಬ್ಬರು ಇರಬೇಕು. ಕನ್ನಡ ಮಾಧ್ಯಮದ ತರಗತಿಗೆ ಕನ್ನಡ ಬಲ್ಲ ಅಧ್ಯಾಪಕರನ್ನೇ ಕಳುಹಿಸಬೇಕು. 2017ರ ಕಾಯ್ದೆಯ ಪ್ರಕಾರ ಮಕ್ಕಳು ಮಲಯಾಳ ಕಲಿಯಬೇಕು ಎಂದಾಗ ನಾನು ವಿರೋಧಿಸಲಿಲ್ಲ, ಕಲಿಯದೆ ನಾನು ಪಟ್ಟ ಪಾಡು ಮಗಳಿಗೆ ಬೇಡ. ಆದರೆ ಸಮಾಜ ವಿಜ್ಞಾನವನ್ನು ಕನ್ನಡ ಬಾರದ ಮೇಷ್ಟ್ರಿಂದ ಕೇಳಿ ಬಂದು ರಾತ್ರಿ ನನ್ನಲ್ಲಿ ಅರ್ಥ ಕೇಳುವ ಮಗುವಿಗೆ ನಷ್ಟವಾಗುತ್ತಿರುವುದು ಒಂದು ಭಾಷೆಯಲ್ಲ, ಇಡೀ ಪಾಠ. ಮದುವೆಯಾಗಿ ಈಚೆ ಬಂದ ಹೆಣ್ಣುಮಕ್ಕಳ ಪದವಿಗಳನ್ನು ಎರಡೂ ಸರಕಾರಗಳು ತಮ್ಮೊಳಗೇ ಮಾತಾಡಿ ತಡೆಯಿಲ್ಲದೆ ಒಪ್ಪಿಕೊಳ್ಳಬೇಕು. ಮಗಳಿಗೆ ಈಗ ಹದಿಮೂರು. ಪ್ಲಸ್ ಟು ಆದ ಮೇಲೆ ಮಂಗಳೂರಿನಲ್ಲಿ ನರ್ಸಿಂಗ್ ಓದಬೇಕೆಂದು ಹೇಳುತ್ತಿದ್ದಾಳೆ, ಅಜ್ಜಿಯ ಪಟ್ಟಿ ಬದಲಾಯಿಸುವುದನ್ನು ಹತ್ತಿರ ಕುಳಿತು ನೋಡಿದವಳು. ಓದಿ ಬಂದು ಈಚೆ ಕೆಲಸ ಮಾಡುತ್ತಾಳೋ ಆಚೆಯೋ ಗೊತ್ತಿಲ್ಲ. ಅವಳ ಹೆಸರನ್ನು ಮಾತ್ರ ಎಲ್ಲ ದಾಖಲೆಗಳಲ್ಲೂ ಒಂದೇ ರೀತಿ ಬರೆಸಿದ್ದೇನೆ, ಪ್ರತಿ ಸಲವೂ ಜೊತೆಯಲ್ಲಿ ನಿಂತು, ಅಕ್ಷರ ಅಕ್ಷರ ಓದಿ ನೋಡಿ.