ಓದುಗರ ಪ್ರಶ್ನೆ: ಒಬ್ಬ ಆರ್ಫಿಯಸ್, ಮೂರು ರೂಪ

ಪ್ರಶ್ನೆ: ‘ದಿ ಮಾಸ್ಕ್ ಆಫ್ ಆರ್ಫಿಯಸ್’ ಒಪೆರಾದ ಸಿಡಿ ಕೇಳಿದೆ. ಯುರಿಡಿಸಿ ಸತ್ತವಳು ಮತ್ತೆ ಸಾಯುತ್ತಾಳೆ, ಆರ್ಫಿಯಸ್‌ಗೆ ಎರಡು ದನಿ. ಕತೆಯೇ ಹಿಡಿಯಲಿಲ್ಲ.
– ಬದಿಯಡ್ಕದ ಓದುಗರು

ಉತ್ತರ: ಬೇಕೆಂದೇ ಹಾಗೆ ಕಟ್ಟಿದ್ದಾರೆ. ಸಂಗೀತ ಹ್ಯಾರಿಸನ್ ಬರ್ಟ್‌ವಿಸ್ಲ್, ಪಠ್ಯ ಪೀಟರ್ ಜಿನೊವಿಯೆಫ್; ಮೊದಲ ಪ್ರಯೋಗ 1986ರ ಮೇ 21, ಲಂಡನ್. ಅರಿಸ್ಟಿಯಸ್ ಬೆನ್ನು ಹತ್ತಿದಾಗ ಆರ್ಫಿಯಸ್‌ನ ಹೆಂಡತಿ ಯುರಿಡಿಸಿಗೆ ಹಾವು ಕಚ್ಚುತ್ತದೆ. ಅವಳನ್ನು ತರಲು ಪಾತಾಳಕ್ಕಿಳಿದ ಆರ್ಫಿಯಸ್ ಷರತ್ತು ಮುರಿದು ಹಿಂತಿರುಗಿ ನೋಡಿ ಕಳೆದುಕೊಳ್ಳುತ್ತಾನೆ. ಈ ಗ್ರೀಕ್ ಪುರಾಣಕ್ಕೆ ಪಾಠಾಂತರಗಳು ಬೇಕಾದಷ್ಟು. ಒಂದನ್ನು ಆರಿಸಿಕೊಳ್ಳದೆ ಹಲವನ್ನು ಒಟ್ಟಿಗೇ ಆಡಿಸುವುದರಿಂದ ಸಾವು ಮರುಕಳಿಸುತ್ತದೆ.

ಮೂವರು ಮುಖ್ಯ ಪಾತ್ರಗಳಿಗೂ ಮೂರು ಮೂರು ರೂಪ: ಮನುಷ್ಯನಾಗಿ ಹಾಡುಗಾರ, ವೀರನಾಗಿ ಮೂಕಾಭಿನಯದವ, ಪುರಾಣವಾಗಿ ಬೊಂಬೆ. ಬೊಂಬೆಗೆ ಬೇರೆಯೇ ದನಿ. ನಿಮಗೆ ಕೇಳಿಸಿದ ಎರಡನೆಯದು ಅದೇ. ಪದ ಭಾಗವತರದು, ಕುಣಿತ ವೇಷಧಾರಿಯದು ಎಂಬ ಯಕ್ಷಗಾನದ ರೂಢಿ ಇದ್ದವರಿಗೆ ಇದು ಅಷ್ಟೇನೂ ಹೊಸದಲ್ಲ. ಆದರೆ ಅಲ್ಲಿ ಇಡೀ ಆಟ ಭಾಗವತರ ಹಿಡಿತದಲ್ಲಿರುತ್ತದೆ. ಇಲ್ಲಿ ವಾದ್ಯವೃಂದಕ್ಕೆ ನಿರ್ದೇಶಕರೇ ಇಬ್ಬರು.

ಎರಡನೇ ಅಂಕದಿಂದ ಕೇಳಲು ಶುರುಮಾಡಿ. ಪಾತಾಳದ ದಾರಿಯನ್ನು ಸೇತುವೆಗಿರುವಂಥ 17 ಕಮಾನುಗಳಾಗಿ ಹಂಚಿದ್ದಾರೆ, ಒಂದೊಂದನ್ನೇ ಎಣಿಸುತ್ತ ಹೋಗಬಹುದು. ಇಡೀ ಒಪೆರಾದ ನಡುನಡುವೆ ಬರುವ ಆರು ಎಲೆಕ್ಟ್ರಾನಿಕ್ ತುಣುಕುಗಳು ಮೂಕಾಭಿನಯಕ್ಕೆಂದೇ ಇರುವಂಥವು. ಬ್ಯಾರಿ ಆ್ಯಂಡರ್ಸನ್ ಪ್ಯಾರಿಸ್ಸಿನ ಇರ್ಕಾಮ್ ಎಂಬ ಸಂಗೀತ ಸಂಶೋಧನಾ ಕೇಂದ್ರದಲ್ಲಿ ಹಾರ್ಪ್ ಮೀಟಿದ ನಾದದಿಂದ ಮಾಡಿದ್ದು. ನೋಡಲು ಏನೂ ಇಲ್ಲದ ಸಿಡಿಯಲ್ಲಿ ಅವು ಬರೀ ಸದ್ದಾಗುವುದು ಸಹಜ.

ಪ್ರಶ್ನೆ: ಪಿಟೀಲು ಕೇಳಿಸುವುದೇ ಇಲ್ಲವಲ್ಲ, ಧ್ವನಿಮುದ್ರಣದ ದೋಷವೇ?
– ಕುಂಬಳೆಯ ಓದುಗರು

ಉತ್ತರ: ಅಲ್ಲ. ಈ ಕೃತಿಯಲ್ಲಿ ಕಮಾನು ಎಳೆದು ನುಡಿಸುವ ತಂತಿವಾದ್ಯಗಳೇ ಇಲ್ಲ.

ಪ್ರಶ್ನೆ: ಪಾತಾಳದ ದೃಶ್ಯವನ್ನು ಕಾಲೇಜಿನಲ್ಲಿ ತೆಂಕುತಿಟ್ಟು ಯಕ್ಷಗಾನದ ಹಿಮ್ಮೇಳದೊಂದಿಗೆ 20 ನಿಮಿಷ ಆಡಬಹುದೇ?
– ಮಂಜೇಶ್ವರದ ಓದುಗರು

ಉತ್ತರ: ಆಡಬಹುದು. ಪುರಾಣ ಎಲ್ಲರದು, ಬರ್ಟ್‌ವಿಸ್ಲ್ ಸಂಗೀತ ಅಥವಾ ಜಿನೊವಿಯೆಫ್ ಪಠ್ಯ ಬಳಸುವುದಾದರೆ ಮಾತ್ರ ಪ್ರಕಾಶಕರ ಅನುಮತಿ ಬೇಕು. ಆರ್ಫಿಯಸ್ ಒಬ್ಬನನ್ನೇ ಮೂರಾಗಿಸಿ: ಒಬ್ಬ ಭಾಗವತ, ಒಂದು ವೇಷ, ಒಂದು ಬೊಂಬೆ. 17 ಕಮಾನು ಬೇಡ, ಐದು ಸಾಕು. ಮೂರು ರೂಪಕ್ಕೂ ಒಂದೇ ಬಣ್ಣದ ಶಾಲು ಇರಲಿ. ಇಲ್ಲದಿದ್ದರೆ ನೋಡುವವರು ಮೂರು ಪಾತ್ರ ಎಂದುಕೊಳ್ಳುತ್ತಾರೆ. ಒಂದೂವರೆ ಅಡಿಯ ಬೊಂಬೆ ಹಿಂದಿನ ಸಾಲಿಗೆ ಕಾಣದು, ಮೂರಡಿಯದು ಮಾಡಿಸಿ.

ಎರಡು ಲಯ ಬೇಕೆಂದಿದ್ದರೆ ಮದ್ದಳೆಗೆ ತ್ರಿವುಡೆ ತಾಳ, ಚಕ್ರತಾಳ ಎಂಬ ಲೋಹದ ವಾದ್ಯಕ್ಕೆ ಏಕತಾಳ ಕೊಡಿ. 7 ಮತ್ತು 4 ಮಾತ್ರೆಯ ಆವರ್ತಗಳು 28 ಮಾತ್ರೆಗೊಮ್ಮೆ ಕೂಡುತ್ತವೆ. ಕಮಾನು ದಾಟುವುದನ್ನು ಆ ಕೂಡುವಲ್ಲಿಗೇ ಇಡಿ. ಜಾಗಟೆ ಭಾಗವತರ ಕೈಯಲ್ಲೇ ಇರಲಿ. ಮುದ್ರಿತ ಧ್ವನಿ ಸೇರಿಸುವುದಾದರೆ ಒಂದು ಸ್ಪೀಕರ್ ಹಿಮ್ಮೇಳದ ಕಡೆಗೇ ತಿರುಗಿರಬೇಕು. ಇಲ್ಲದಿದ್ದರೆ ಚೆಂಡೆಯ ಅಬ್ಬರದಲ್ಲಿ ಮದ್ದಳೆಗಾರರಿಗೆ ಅದು ಕೇಳಿಸದೆ ಲಯ ಜಾರುತ್ತದೆ, ಮುದ್ರಿತ ಧ್ವನಿ ಯಾರಿಗೂ ಕಾಯುವುದಿಲ್ಲ. ಆ ಭಾಗದಲ್ಲಿ ಚೆಂಡೆ ನಿಲ್ಲಿಸುವುದೇ ಲೇಸು.