ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಕಾರ್ಮಿಕರ ಹಳೇ ಮನೆಗಳಿಗೆ ಹಿಂಬಾಗಿಲು ಯಾಕಿಲ್ಲ?

ಹಿಂದೆ ಇನ್ನೊಬ್ಬರ ಮನೆ ಇದೆ, ಅದಕ್ಕೆ! ಒಂದೇ ಸೂರಿನಡಿ ಎರಡು ಮನೆ, ನಡುವೆ ಒಂದು ಇಟ್ಟಿಗೆ ಗೋಡೆ. ಒಂದರ ಬಾಗಿಲು ಬೀದಿಗೆ, ಇನ್ನೊಂದರದು ಒಳಗಿನ ಅಂಗಳಕ್ಕೆ. ಅಕ್ಕಪಕ್ಕವೂ ಮನೆಗಳು ಅಂಟಿಕೊಂಡಿರುವುದರಿಂದ ಗಾಳಿ, ಬೆಳಕು ಏನೇ ಬಂದರೂ ಮುಂದಿನ ಗೋಡೆಯ ಕಿಟಕಿಯಿಂದಲೇ ಬರಬೇಕು. ಜಾಗ, ಇಟ್ಟಿಗೆ ಎರಡೂ ಉಳಿಯುತ್ತಿತ್ತು, ಬಾಡಿಗೆ ಜಾಸ್ತಿ ಹುಟ್ಟುತ್ತಿತ್ತು, ಅಷ್ಟೇ ಲೆಕ್ಕ.

ಊರಿನ ಇಂಜ್ ಸ್ಟ್ರೀಟ್ ಮೂಲೆಯಲ್ಲಿ 19ನೇ ಶತಮಾನದ ಶುರುವಿನ ಇಂಥ ಮನೆಗಳು ಉಳಿದಿವೆ, 2004ರಿಂದ ಹಳೇ ಕಟ್ಟಡಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಸಂಸ್ಥೆ ಅವನ್ನು ಜನರಿಗೆ ತೋರಿಸುತ್ತಿದೆ. ಮೂರು ಅಂತಸ್ತು, ಅಂತಸ್ತಿಗೊಂದೇ ಕೋಣೆ, ಮೈ ಓರೆ ಮಾಡಿ ಹತ್ತಬೇಕಾದ ಇಕ್ಕಟ್ಟು ಮೆಟ್ಟಿಲು. ಕಕ್ಕಸು, ಬಟ್ಟೆ ಒಗೆಯುವ ಕೋಣೆ ಅಂಗಳದಲ್ಲಿ, ವಠಾರಕ್ಕೆಲ್ಲ ಸೇರಿ.

1909ರ ಬ್ರಿಟಿಷ್ ಕಾಯ್ದೆ ಇಂಥ ಮನೆಗಳನ್ನು ಹೊಸದಾಗಿ ಕಟ್ಟುವುದನ್ನು ನಿಷೇಧಿಸಿತು. ಇಂಗ್ಲೆಂಡಿನದೇ ಇನ್ನೊಂದು ಊರಾದ ಲೀಡ್ಸ್‌ನವರು ಮಾತ್ರ 1930ರ ದಶಕದವರೆಗೂ ಕಟ್ಟುತ್ತಲೇ ಇದ್ದರು, ಅಲ್ಲಿನ ಇಂಥ ಮನೆಗಳಲ್ಲಿ ಈಗಲೂ ಜನ ವಾಸ ಇದ್ದಾರೆ.