ಹೊಸ ಎಣ್ಣೆ ಬಾಯ್ಲರ್ ಕೊಳ್ಳುವ ಮುನ್ನ ಹಳೆಯ ಟ್ಯಾಂಕಿನ ತಳ ನೋಡಿ

ಮ್ಯಾಸಚೂಸೆಟ್ಸ್‌ನಲ್ಲಿ ಗ್ಯಾಸ್ ಪೈಪು ಬಾರದ ಬೀದಿ, 1960ರ ದಶಕದ ಮನೆ, ಗೋಡೆಯ ಬುಡದುದ್ದಕ್ಕೂ ಬೇಸ್‌ಬೋರ್ಡ್ ರೇಡಿಯೇಟರ್, ನೆಲಮಾಳಿಗೆಯಲ್ಲಿ ಎಣ್ಣೆ ಉರಿಸಿ ಆ ರೇಡಿಯೇಟರ್‌ಗಳಿಗೆ ಬಿಸಿನೀರು ಕೊಡುವ ಮುದಿ ಬಾಯ್ಲರ್: ನೀವು ವಿವರಿಸಿರುವುದು ಹೆಚ್ಚುಕಡಿಮೆ ನಾವು ವೂಸ್ಟರ್ ಹತ್ತಿರ ಕೊಂಡ ಮನೆಯೇ. ಹೊಗೆಯ ನೀರಾವಿಯ ಶಾಖವನ್ನೂ ಬಿಡದೆ ಬಳಸುವ 95% ದಕ್ಷತೆಯ ಕಂಡೆನ್ಸಿಂಗ್ ಬಾಯ್ಲರ್‌ಗಳಲ್ಲಿ ಯಾವುದನ್ನು ನಂಬಬಹುದು, ಹೊಸದನ್ನು ಹಾಕಿಸಿದರೆ ವರ್ಷವರ್ಷದ ಸರ್ವೀಸಿನ ಕಾಟ ತಪ್ಪುತ್ತದೆಯೇ ಎಂದು ಕೇಳಿದ್ದೀರಿ. 2013ರಲ್ಲಿ ನಾನೂ ಇದನ್ನೇ ಕಂಡಕಂಡವರನ್ನೆಲ್ಲ ಕೇಳಿ, ಕೊನೆಗೆ ಒಳ್ಳೆಯ ಬಾಯ್ಲರನ್ನೇ ಕೊಂಡೆ. ಅದು ಹಾಳಾದದ್ದು ಹತ್ತಡಿ ಆಚೆಗೆ ನಿಂತಿದ್ದ ಟ್ಯಾಂಕಿನ ದೆಸೆಯಿಂದ.

ಬಾಯ್ಲರ್ ಕೂರಿಸಲು ಬಂದ ಗುತ್ತಿಗೆದಾರ ಟ್ಯಾಂಕನ್ನೂ ಬದಲಿಸೋಣವೇ ಎಂದು ಕೇಳಿದ್ದ. ನಾನು ಬೇಡವೆಂದೆ. ಹಾಗೆ ಹೇಳಲು ನನ್ನ ಬಳಿ ಕಾರಣಗಳಿದ್ದವು. ಅದು 275 ಗ್ಯಾಲನ್, ಅಂದರೆ ಸುಮಾರು 1,040 ಲೀಟರ್ ಹಿಡಿಯುವ ಉಕ್ಕಿನ ಟ್ಯಾಂಕು. ಈ ಕಡೆಯ ನೆಲಮಾಳಿಗೆಗಳಲ್ಲಿ ಸಾಮಾನ್ಯವಾಗಿ ಕಾಣುವಂಥದ್ದು. ಎಲ್ಲಿಯೂ ಸೋರುತ್ತಿರಲಿಲ್ಲ, ಹೊರಮೈಯಲ್ಲಿ ತುಕ್ಕಿರಲಿಲ್ಲ, ಒಳಗೆ ಅರ್ಧಕ್ಕಿಂತ ಹೆಚ್ಚು ಎಣ್ಣೆ ಬೇರೆ ಇತ್ತು. ದಕ್ಷತೆಯ ಲೆಕ್ಕದಲ್ಲಿ ಟ್ಯಾಂಕಿಗೆ ಅಂಕವಿಲ್ಲ. ಅದನ್ನು ಬದಲಿಸಿದರೆ ಒಂದು ಹನಿ ಎಣ್ಣೆಯೂ ಉಳಿಯುವುದಿಲ್ಲ. ಆ ಹಣಕ್ಕೆ ಇನ್ನೂ ಮೇಲ್ದರ್ಜೆಯ ಬಾಯ್ಲರ್ ಬರುತ್ತದೆ ಎಂದು ಲೆಕ್ಕ ಹಾಕಿದೆ, ಹಾಗೆಯೇ ಮಾಡಿದೆ. ಟ್ಯಾಂಕು ಒಳಗಿನಿಂದ ಹಾಳಾಗುತ್ತದೆ ಎಂಬುದು ನನಗೆ ಹೊಳೆಯಲೇ ಇಲ್ಲ.

ಹಾಳಾಗುವ ಬಗೆ ಹೀಗೆ. ಬೇಸಿಗೆಯಲ್ಲಿ ಅರ್ಧ ಖಾಲಿಯಾಗಿರುವ ಟ್ಯಾಂಕಿನೊಳಗೆ ಗಾಳಿಕೊಳವೆಯ ಮೂಲಕ ಒದ್ದೆ ಗಾಳಿ ಬರುತ್ತದೆ, ತಣ್ಣನೆಯ ಉಕ್ಕಿನ ಮೇಲೆ ಹನಿಗಟ್ಟುತ್ತದೆ. ನೀರು ಎಣ್ಣೆಗಿಂತ ಭಾರವಾದ್ದರಿಂದ ತಳ ಸೇರುತ್ತದೆ. ಅಲ್ಲಿ ಉಕ್ಕು ತುಕ್ಕು ಹಿಡಿಯುತ್ತದೆ, ನೀರು ಮತ್ತು ಎಣ್ಣೆ ಕೂಡುವ ಗೆರೆಯಲ್ಲಿ ಸೂಕ್ಷ್ಮಜೀವಿಗಳು ಬೆಳೆಯುತ್ತವೆ, ಹಳೆಯ ಎಣ್ಣೆಯ ಅಂಟು ಇವೆಲ್ಲದರ ಜೊತೆ ಸೇರಿ ಕಪ್ಪು ಗಸಿಯಾಗುತ್ತದೆ. ಇದು ದಶಕಗಟ್ಟಲೆ ಕೂತಿರುತ್ತದೆ, ಯಾರಿಗೂ ತೊಂದರೆ ಕೊಡುವುದಿಲ್ಲ. ಎಣ್ಣೆಯ ಲಾರಿ ಬಂದು ರಭಸದಿಂದ ತುಂಬಿಸಿದಾಗ ಮಾತ್ರ ಗಸಿ ಎದ್ದು ಎಣ್ಣೆಯಲ್ಲಿ ತೇಲತೊಡಗುತ್ತದೆ. ಹಳೆಯ ಬರ್ನರ್ ಅದನ್ನೂ ಹೇಗೋ ನುಂಗಿಕೊಂಡು ಓಡುತ್ತಿತ್ತು, ಏಕೆಂದರೆ ಅದರ ನಾಜಲ್, ಅಂದರೆ ಎಣ್ಣೆ ಸಿಂಪಡಿಸುವ ಮೂತಿ, ದೊಡ್ಡದು. ಹೊಸ ಬಾಯ್ಲರಿನದು ಗಂಟೆಗೆ 0.50 ಗ್ಯಾಲನ್ನಿನ ನಾಜಲ್. ಹಳೆಯ ಬರ್ನರ್‌ಗಳ ಪಂಪು 100 ಪಿಎಸ್‌ಐ (ಚದರ ಅಂಗುಲಕ್ಕೆ 100 ಪೌಂಡ್) ಒತ್ತಡದಲ್ಲಿ ಎಣ್ಣೆ ತಳ್ಳಿದರೆ ಹೊಸವು 140, 150ರಲ್ಲಿ ತಳ್ಳುತ್ತವೆ. ಹೆಚ್ಚು ಒತ್ತಡ ಮತ್ತು ಕಿರಿದಾದ ರಂಧ್ರ ಸೇರಿದರೆ ಎಣ್ಣೆ ನುಣ್ಣನೆಯ ಮಂಜಾಗಿ ಸಿಡಿದು ಚೆನ್ನಾಗಿ ಉರಿಯುತ್ತದೆ. ನೀವು ದುಡ್ಡು ಕೊಡುವ ದಕ್ಷತೆಯ ಒಂದು ಪಾಲು ಬರುವುದೇ ಇದರಿಂದ, ಮತ್ತು ಅದೇ ಕಿರಿದಾದ ರಂಧ್ರ ಮೊದಲು ಕಟ್ಟಿಕೊಳ್ಳುವುದೂ ಹೌದು.

ಊರಿನ ಪಂಪ್ ಸ್ಟೌ ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಸೀಮೆಎಣ್ಣೆಯಲ್ಲಿ ಕಸ ಬಂದರೆ ಜ್ವಾಲೆ ಒಂದು ಕಡೆಗೆ ವಾಲಿ ಪಾತ್ರೆಯ ತಳವೆಲ್ಲ ಮಸಿಯಾಗುತ್ತಿತ್ತು, ಆಗ ಪಿನ್ ಹಾಕಿ ಚುಚ್ಚುತ್ತಿದ್ದೆವು. ಇಲ್ಲಿ ವ್ಯತ್ಯಾಸವೆಂದರೆ ಬರ್ನರಿನ ನಾಜಲನ್ನು ಚುಚ್ಚಬಾರದು, ಒರೆಸಲೂಬಾರದು; ಕಿತ್ತೆಸೆದು ಅದೇ ಅಳತೆಯ, ಅದೇ ಕೋನದ ಹೊಸದನ್ನು ಹಾಕಬೇಕು. ಇನ್ನೊಂದು ವ್ಯತ್ಯಾಸ, ಜ್ವಾಲೆ ವಾಲಿರುವುದು ಇಲ್ಲಿ ನಿಮ್ಮ ಕಣ್ಣಿಗೆ ಬೀಳುವುದಿಲ್ಲ.

ನನ್ನ ಕಣ್ಣಿಗೂ ಬೀಳಲಿಲ್ಲ. ಹೊಸ ಯಂತ್ರವೆಂದು ಮೊದಲ ವರ್ಷದ ಸರ್ವೀಸನ್ನೂ ಮುಂದೂಡಿದೆ. 2015ರ ಫೆಬ್ರವರಿ ಇಲ್ಲಿದ್ದವರಿಗೆಲ್ಲ ನೆನಪಿರುತ್ತದೆ. ಆ ಚಳಿಗಾಲ ಬಾಸ್ಟನ್‌ನಲ್ಲಿ ಒಟ್ಟು 110.6 ಅಂಗುಲ ಹಿಮ ಬಿದ್ದು ದಾಖಲೆಯಾಯಿತು. ಎಣ್ಣೆ ತುಂಬಿಸಿದ ಮೇಲೆ ಬಾಯ್ಲರ್ ಆಗಾಗ ನಿಲ್ಲತೊಡಗಿತು. ಬರ್ನರಿನ ಕಂಟ್ರೋಲ್ ಪೆಟ್ಟಿಗೆಯಲ್ಲಿರುವ ಕೆಂಪು ಗುಂಡಿಯನ್ನು ಒತ್ತಿದರೆ ಮತ್ತೆ ಹತ್ತಿಕೊಳ್ಳುತ್ತಿತ್ತು. ಮೈಸೂರಿನಿಂದ ಅತ್ತೆ ಮಾವ ಬಂದಿದ್ದರು. ನಾನು ಕೆಲಸಕ್ಕೆ ಹೊರಡುವಾಗ ಮಾವನವರಿಗೆ ಆ ಗುಂಡಿ ತೋರಿಸಿ, ಬೇಸ್‌ಬೋರ್ಡ್ ತಣ್ಣಗಾದರೆ ಒತ್ತಿಬಿಡಿ ಎಂದು ಹೇಳಿ ಹೋಗಿದ್ದೆ. ಅವರು ಪಾಪ ಶ್ರದ್ಧೆಯಿಂದ ಒತ್ತಿದರು. ಆ ಗುಂಡಿ ಏನೆಂದು ಈಗ ಗೊತ್ತು. ಬರ್ನರ್ ಎಣ್ಣೆ ಸಿಂಪಡಿಸಿದ ಮೇಲೆ ಹದಿನೈದು ಸೆಕೆಂಡಿನೊಳಗೆ ಜ್ವಾಲೆಯ ಬೆಳಕು ಕ್ಯಾಡ್ ಸೆಲ್ ಎಂಬ ಕಣ್ಣಿಗೆ ಕಾಣದಿದ್ದರೆ ಕಂಟ್ರೋಲ್ ಎಲ್ಲವನ್ನೂ ನಿಲ್ಲಿಸಿಬಿಡುತ್ತದೆ. ನಾವು ಗುಂಡಿ ಒತ್ತಿದಾಗಲೆಲ್ಲ ಉರಿಯದ ಎಣ್ಣೆ ಇನ್ನಷ್ಟು ಒಳಗೆ ಬೀಳುತ್ತದೆ. ಕೊನೆಗೊಮ್ಮೆ ಕಿಡಿ ತಗುಲಿದರೆ ಅಷ್ಟೂ ಒಟ್ಟಿಗೆ ಹೊತ್ತಿಕೊಂಡು ಬಾಯ್ಲರಿನ ಬಾಗಿಲಿಂದ ಮಸಿ ಮನೆತುಂಬ ಉಗುಳುತ್ತದೆ. ನಮ್ಮಲ್ಲಿ ಆದದ್ದು ಅದರ ಸಣ್ಣ ರೂಪ. ಧಡ್ಡೆಂದಿತು, ನೆಲಮಾಳಿಗೆಯಲ್ಲಿ ಒಣಹಾಕಿದ್ದ ಬಟ್ಟೆಗಳೆಲ್ಲ ಕರಿದಾದವು, ಮಾವನವರು ಗುಂಡಿಯ ಸಹವಾಸ ಬಿಟ್ಟರು. ನೀವು ಒಂದೇ ಸಲ ಒತ್ತಿ. ಹತ್ತಲಿಲ್ಲವೆಂದರೆ ಸರ್ವೀಸಿನವರಿಗೆ ಫೋನ್ ಮಾಡಿ.

ಬಂದ ಮೆಕ್ಯಾನಿಕ್ ವಯಸ್ಸಾದವರು, ಮಾತು ಕಡಿಮೆ. ಅವರು ಮೊದಲು ಚಿಮಣಿ ಕೊಳವೆಯ ರಂಧ್ರಕ್ಕೆ ಸೈಕಲ್ ಪಂಪಿನಂಥ ಒಂದು ಸಾಧನ ತೂರಿಸಿ ಹೊಗೆಯನ್ನು ಬಿಳಿ ಕಾಗದದ ಮೂಲಕ ಎಳೆದರು. ಸೊನ್ನೆಯಿಂದ ಒಂಬತ್ತರವರೆಗಿನ ಮಾಪನಕ್ಕೆ ಆ ಕಾಗದವನ್ನು ಹಿಡಿದು ನೋಡುತ್ತಾರೆ. ಚೆನ್ನಾಗಿರುವ ಬರ್ನರ್ ಕಾಗದವನ್ನು ಬಿಳಿಯಾಗಿಯೇ ಬಿಡಬೇಕು. ನಮ್ಮ ಕಾಗದದ ನಡುವೆ ಕಾಸಿನಗಲದ ಕಡುಗಪ್ಪು ಚುಕ್ಕೆ ಇತ್ತು. ಫಿಲ್ಟರಿನ ಬಟ್ಟಲನ್ನು ಕಳಚಿ ಸುರಿದಾಗ ತಳದಲ್ಲಿ ನೀರು, ಅದರ ಮೇಲೆ ತುಕ್ಕಿನ ಚೂರು ಬೆರೆತ ಲೋಳೆ. ಆಮೇಲೆ ಎರಡನೆಯ ಹೀಟ್ ಎಕ್ಸ್‌ಚೇಂಜರನ್ನು ಬಿಚ್ಚಿದರು. ಬಾಯ್ಲರಿಗೆ 95% ಎಂಬ ಅಂಕ ತಂದುಕೊಡುವ ಭಾಗವೇ ಅದು: ಹೊಗೆಯಲ್ಲಿರುವ ನೀರಾವಿಯನ್ನು ತಣಿಸಿ ನೀರಾಗಿಸಿ, ಆ ಶಾಖವನ್ನೂ ಹಿಂಡಿಕೊಳ್ಳುತ್ತದೆ. ಅದರ ಇಕ್ಕಟ್ಟಾದ ಸಂದುಗಳಲ್ಲಿ ಒದ್ದೆ ಮಸಿ ಮೆತ್ತಿಕೊಂಡು, ಒಣಗಿ, ಮತ್ತೆ ಮೆತ್ತಿಕೊಂಡು, ಬ್ರಷ್ಷಿಗೂ ಜಗ್ಗದಷ್ಟು ಗಟ್ಟಿಯಾಗಿತ್ತು. ನಾಜಲ್ ಅರ್ಧ ಕಟ್ಟಿದ್ದರಿಂದ ಮಸಿ, ಮಸಿಯಿಂದ ಸಂದು ಮುಚ್ಚಿ ಹೊಗೆಗೆ ದಾರಿಯಿಲ್ಲದೆ ಗಾಳಿಯ ಕೊರತೆ, ಗಾಳಿಯ ಕೊರತೆಯಿಂದ ಇನ್ನಷ್ಟು ಮಸಿ. ಸಾಧಾರಣ ಬಾಯ್ಲರಿನಲ್ಲಿ ಮಸಿ ಒಣಪುಡಿಯಾಗಿರುತ್ತದೆ, ಬ್ರಷ್ ಆಡಿಸಿ ವ್ಯಾಕ್ಯೂಮ್ ಹಿಡಿದರೆ ಬರುತ್ತದೆ. ಕಂಡೆನ್ಸಿಂಗ್ ಬಾಯ್ಲರಿಗೆ ಆ ಸಡಿಲಿಕೆ ಇಲ್ಲ. ಆ ಭಾಗವನ್ನು ಬದಲಿಸಲು ಕೊಟ್ಟ ಹಣಕ್ಕೆ ಒಂದು ಹೊಸ ಟ್ಯಾಂಕು ಬಂದು ಇನ್ನೂ ಮಿಗುತ್ತಿತ್ತು.

ಆದ್ದರಿಂದ ‘ಹೊಸದಾದರೆ ಸರ್ವೀಸ್ ಕಡಿಮೆ’ ಎಂಬ ನಿಮ್ಮ ನಂಬಿಕೆಯನ್ನು ದಯವಿಟ್ಟು ಬಿಟ್ಟುಬಿಡಿ. ಎಣ್ಣೆ ಉರಿಸುವ ಯಂತ್ರದ ದಕ್ಷತೆ ಹೆಚ್ಚಿದಷ್ಟೂ ಅದರ ಸಹನೆ ಕಡಿಮೆ. ಇನ್ನು 95% ಎಂಬ ಅಂಕ ನಿಮ್ಮ ಮನೆಯಲ್ಲಿ ಸಿಗುತ್ತದೆಯೇ ಎಂಬುದನ್ನೂ ನೋಡಿ. ಎಣ್ಣೆಯ ಹೊಗೆಯಲ್ಲಿರುವ ಆವಿ ನೀರಾಗಬೇಕಾದರೆ ಬಾಯ್ಲರಿಗೆ ಹಿಂತಿರುಗುವ ನೀರು ಸುಮಾರು 47 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿರಬೇಕು. ಗ್ಯಾಸಿನಲ್ಲಿ ಈ ಮಿತಿ 57ರ ಆಸುಪಾಸು, ಮತ್ತು ಆವಿಯಿಂದ ಸಿಗುವ ಲಾಭವೂ ಎಣ್ಣೆಯ ಹೆಚ್ಚುಕಡಿಮೆ ಇಮ್ಮಡಿ. ಎಣ್ಣೆಯಲ್ಲಿ ಹೈಡ್ರೋಜನ್ ಪಾಲು ಕಡಿಮೆಯಿರುವುದೇ ಇದಕ್ಕೆ ಕಾರಣ. ನಿಮ್ಮ ಬೇಸ್‌ಬೋರ್ಡ್‌ಗಳನ್ನು 180 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 82 ಡಿಗ್ರಿ ಸೆಲ್ಸಿಯಸ್ ನೀರಿಗೆಂದು ಅಳೆದು ಹಾಕಿರುತ್ತಾರೆ. ಕಡುಚಳಿಯಲ್ಲಿ ಹಿಂತಿರುಗುವ ನೀರೇ 70ರ ಹತ್ತಿರ ಇರುವಾಗ ಎರಡನೆಯ ಎಕ್ಸ್‌ಚೇಂಜರಿಗೆ ಅದರ ಮುಖ್ಯ ಕೆಲಸವೇ ಇರುವುದಿಲ್ಲ. ನೆಲದಡಿಯಲ್ಲಿ ಬಿಸಿನೀರಿನ ಕೊಳವೆ ಹಾಸಿದ ಮನೆಯಾಗಿದ್ದರೆ ನನ್ನ ಮಾತು ಬೇರೆಯಾಗಿರುತ್ತಿತ್ತು.

ವರ್ಷಕ್ಕೆ 800 ಗ್ಯಾಲನ್ ಉರಿಸುವ ಮನೆಯೆಂದು ಇಟ್ಟುಕೊಳ್ಳಿ. 2021ರ ಜನವರಿಯಿಂದ ಅಮೆರಿಕದಲ್ಲಿ ತಯಾರಾಗುವ ಬಿಸಿನೀರಿನ ಎಣ್ಣೆ ಬಾಯ್ಲರಿಗೆ ಕನಿಷ್ಠ 86% ದಕ್ಷತೆ ಇರಲೇಬೇಕು. ಅದರಿಂದ 95ಕ್ಕೆ ಏರಿದರೆ ಕಾಗದದ ಮೇಲೆ 76 ಗ್ಯಾಲನ್ ಉಳಿತಾಯ. ಬೇಸ್‌ಬೋರ್ಡಿನ ಬಿಸಿಯಲ್ಲಿ ನಿಜವಾಗಿ ಸಿಕ್ಕುವುದು 90 ಎಂದರೆ ಉಳಿತಾಯ 36 ಗ್ಯಾಲನ್ನಿಗೆ ಇಳಿಯುತ್ತದೆ. ಆ 36 ಗ್ಯಾಲನ್ನಿಗಾಗಿ ಅಷ್ಟು ಸೂಕ್ಷ್ಮವಾದ ಯಂತ್ರವನ್ನು ನಾನು ಮತ್ತೆ ಕೊಳ್ಳುವುದಿಲ್ಲ. ನಮ್ಮ ಬಾಯ್ಲರ್ ಹೊಸ ಟ್ಯಾಂಕು ಬಂದ ಮೇಲೆ ತಕರಾರಿಲ್ಲದೆ ಓಡುತ್ತಿದೆ ಎಂಬುದನ್ನೂ ಹೇಳಬೇಕು, ಆದರೂ ಕೊಳ್ಳುವುದಿಲ್ಲ. 86, 87ರ ಸರಳ ಬಾಯ್ಲರ್, ಹೊರಗಿನ ಚಳಿ ನೋಡಿ ನೀರಿನ ಬಿಸಿಯನ್ನು ಏರಿಳಿಸುವ ಔಟ್‌ಡೋರ್ ರಿಸೆಟ್, ಇಷ್ಟು ನಿಮ್ಮ ಮನೆಗೆ ಸಾಕು. ಹೀಟ್ ಪಂಪಿನ ಬಗ್ಗೆ ನೀವು ಕೇಳಿಲ್ಲ, ನಾನೂ ಆ ಕಡೆ ಹೋಗುವುದಿಲ್ಲ.

ಈಗಿನ ಎಣ್ಣೆ ಶುದ್ಧವಲ್ಲವೇ ಎಂದು ನಿಮ್ಮ ಮಾರಾಟಗಾರ ಹೇಳಬಹುದು. ಅರ್ಧ ನಿಜ. ಮ್ಯಾಸಚೂಸೆಟ್ಸ್‌ನಲ್ಲಿ ಮನೆ ಕಾಯಿಸುವ ಎಣ್ಣೆಯ ಗಂಧಕವನ್ನು 2014ರಲ್ಲಿ 500 ಪಿಪಿಎಂಗೂ (ಹತ್ತು ಲಕ್ಷದಲ್ಲಿ 500 ಭಾಗ) 2018ರ ಜುಲೈನಲ್ಲಿ 15 ಪಿಪಿಎಂಗೂ ಇಳಿಸಿದರು. ಗಂಧಕ ಹೆಚ್ಚಿದ್ದಾಗ ಎಕ್ಸ್‌ಚೇಂಜರಿನ ಮೇಲೆ ಕಟ್ಟುತ್ತಿದ್ದ ಪೊರೆ ಈಗ ಬಹಳ ಕಡಿಮೆ, ಹೊಗೆಯ ನೀರಿನ ಆಮ್ಲವೂ ಕಡಿಮೆ. ಆದರೆ ಲಾರಿ ಎಷ್ಟೇ ಶುದ್ಧ ಎಣ್ಣೆ ತಂದರೂ ಅದು ಹೋಗಿ ಬೀಳುವುದು ನಿಮ್ಮ ಟ್ಯಾಂಕಿನ ಗಸಿಯ ಮೇಲೆಯೇ. ಜೈವಿಕ ಡೀಸೆಲ್ ಬೆರೆಸಿದ ಎಣ್ಣೆಯಾದರೆ ಹಳೆಯ ಅಂಟನ್ನು ಕರಗಿಸಿ ಬಿಡಿಸುವ ಗುಣವೂ ಅದಕ್ಕಿದೆ, ಮತ್ತು ಬಿಟ್ಟದ್ದೆಲ್ಲ ಫಿಲ್ಟರಿಗೆ ಬರುತ್ತದೆ.

ವರ್ಷದ ಸರ್ವೀಸ್ ಎಂದರೆ ಬಂದು ಒರೆಸಿ ಸಹಿ ಹಾಕಿ ಹೋಗುವುದಲ್ಲ. ನಾಜಲ್, ಫಿಲ್ಟರ್, ಪಂಪಿನ ಜಾಲರಿ ಇವು ಹೊಸದಾಗಬೇಕು. ಕಿಡಿ ಹಾರಿಸುವ ಎಲೆಕ್ಟ್ರೋಡ್‌ಗಳ ಅಂತರ ಅಳೆಯಬೇಕು. ಹೊಗೆಯ ದಾರಿ ಪೂರ್ತಿ ಬ್ರಷ್ ಆಗಬೇಕು. ಕೊನೆಗೆ ಹೊಗೆ ಕಾಗದದ ಪರೀಕ್ಷೆಯ ಜೊತೆಗೆ ಹೊಗೆಯ ಅನಿಲಗಳನ್ನು ಅಳೆಯುವ ವಿಶ್ಲೇಷಕ ಯಂತ್ರದ ಮುದ್ರಿತ ಚೀಟಿ ನಿಮ್ಮ ಕೈಗೆ ಬರಬೇಕು. ಇಂಗಾಲದ ಡೈಆಕ್ಸೈಡ್ 12%ರ ಸುತ್ತ, ಹೊಗೆ ಸೊನ್ನೆ ಇದ್ದರೆ ಕೆಲಸ ಆಗಿದೆ. ಚೀಟಿ ಕೊಡಲು ಮೀನಮೇಷ ಎಣಿಸುವವರನ್ನು ಮರುವರ್ಷ ಕರೆಯಬೇಡಿ. ಬಾಯ್ಲರಿನ ಹೆಸರಿಗಿಂತ ಅದರ ಬರ್ನರನ್ನು ಬಲ್ಲ ಮೆಕ್ಯಾನಿಕ್ ನಿಮ್ಮ ಊರಿನಲ್ಲಿ ಇದ್ದಾರೆಯೇ ಎಂಬುದನ್ನು ಮೊದಲು ವಿಚಾರಿಸಿ. ಹೊಗೆ ಪಕ್ಕದ ಗೋಡೆಯಿಂದ ಹೊರಹೋಗುವ ಮಾದರಿಯಾದರೆ ಹಿಮ ಬಿದ್ದಾಗ ಆ ಕೊಳವೆಯ ಬಾಯಿಯನ್ನು ಬಿಡಿಸುವುದು ನಿಮ್ಮ ಕೆಲಸ, ಕಾರ್ಬನ್ ಮಾನಾಕ್ಸೈಡ್ ಅಲಾರಂ ಈ ರಾಜ್ಯದಲ್ಲಿ 2006ರಿಂದ ಕಡ್ಡಾಯ.

ಟ್ಯಾಂಕು ಬದಲಿಸುವಾಗ ಎಣ್ಣೆಯ ಕೊಳವೆಯನ್ನೂ ನೋಡಿಸಿ. ಕೊಳವೆ ಸೋರಿದರೆ ಎಣ್ಣೆ ನಿಲ್ಲಿಸುವ ಸೇಫ್ಟಿ ವಾಲ್ವ್ ಅಥವಾ ಹೊರಕವಚವಿರುವ ಕೊಳವೆ ಇರಬೇಕೆಂಬ ಮ್ಯಾಸಚೂಸೆಟ್ಸ್ ಕಾನೂನಿಗೆ 2011ರ ಸೆಪ್ಟೆಂಬರ್ 30 ಗಡುವಾಗಿತ್ತು, ಆದರೂ ಹಳೆಯ ಮನೆಗಳಲ್ಲಿ ಕಾಂಕ್ರೀಟಿನೊಳಗೆ ಹೂತ ಬರಿ ತಾಮ್ರದ ಕೊಳವೆ ಈಗಲೂ ಸಿಗುತ್ತದೆ. 10 ಮೈಕ್ರಾನಿನ ಸ್ಪಿನ್-ಆನ್ (ತಿರುಗಿಸಿ ಕೂರಿಸುವ) ಫಿಲ್ಟರ್ ಹಾಕಿಸಿ, ಅದರ ಮೇಲೆ ಪಂಪಿನ ಎಳೆತ ತೋರಿಸುವ ವ್ಯಾಕ್ಯೂಮ್ ಗೇಜ್ ಇರಲಿ. ಮುಳ್ಳು ತಿಂಗಳಿಂದ ತಿಂಗಳಿಗೆ ಏರುತ್ತಿದ್ದರೆ ಫಿಲ್ಟರ್ ಕಟ್ಟುತ್ತಿದೆ ಎಂದರ್ಥ. ಇದೆಲ್ಲವನ್ನೂ ಮೇ, ಜೂನ್ ತಿಂಗಳಲ್ಲಿ ಮಾಡಿಸಿ, ಅಕ್ಟೋಬರ್ ಬಂದರೆ ಯಾರೂ ಕೈಗೆ ಸಿಗುವುದಿಲ್ಲ. ಬಾಯ್ಲರ್, ಟ್ಯಾಂಕು ಎರಡಕ್ಕೂ ಹಣ ಸಾಲದಿದ್ದರೆ ಈ ವರ್ಷ ಟ್ಯಾಂಕು, ಕೊಳವೆ, ಫಿಲ್ಟರ್ ಬದಲಿಸಿ, ನಿಮ್ಮ ಮುದಿ ಬಾಯ್ಲರನ್ನು ಚೆನ್ನಾಗಿ ಬ್ರಷ್ ಮಾಡಿಸಿ ಇನ್ನೊಂದು ಚಳಿಗಾಲ ಓಡಿಸಿ.